ಆಸ್ಪತ್ರೆಯೊಳಗೆ ಉಚಿತ, ಗೇಟಿನ ಬಳಿ ರಿಯಾಯಿತಿ: ಅಗ್ಗದ ಔಷಧಕ್ಕೆ ಕಾನೂನಿನ ಬಲ ಯಾಕಿಲ್ಲ?

ನವದೆಹಲಿ: ದೇಶದಲ್ಲಿ ಜನೌಷಧಿ ಕೇಂದ್ರಗಳ ಸಂಖ್ಯೆ 2025ರ ಜನವರಿ ಅಂತ್ಯಕ್ಕೆ 15,000 ತಲುಪಿತು. 2027ರ ಮಾರ್ಚ್ ವೇಳೆಗೆ ಅದನ್ನು 25,000ಕ್ಕೆ ಏರಿಸುವುದು ಕೇಂದ್ರ ಸರ್ಕಾರದ ಗುರಿ. ಬ್ರ್ಯಾಂಡೆಡ್ ಔಷಧಗಳಿಗಿಂತ ಶೇ 50ರಿಂದ 80ರಷ್ಟು ಕಡಿಮೆ ಬೆಲೆ ಎಂಬುದು ಯೋಜನೆಯ ಭರವಸೆ. ಆದರೆ ತಾಲೂಕು ಆಸ್ಪತ್ರೆಗೆ ಬರುವ ಬಡ ರೋಗಿಗೆ ಈ ಬೆಲೆಯಲ್ಲಿ ಔಷಧ ಸಿಗಲೇಬೇಕು ಎನ್ನುವ ಕೇಂದ್ರ ಕಾನೂನು ಇಲ್ಲ. ಇರುವುದು ಯೋಜನೆ ಮಾತ್ರ.

ಯೋಜನೆ ಎಷ್ಟು ಸುಲಭವಾಗಿ ಅಲುಗಾಡಬಹುದು ಎಂಬುದನ್ನು ಕರ್ನಾಟಕ 2025ರಲ್ಲಿ ಕಂಡಿತು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಆದೇಶಿಸಿತು. ಆಸ್ಪತ್ರೆಯಲ್ಲೇ ಔಷಧ ಉಚಿತವಾಗಿ ಸಿಗುವಾಗ ಅದೇ ಆವರಣದಲ್ಲಿ ಮಾರಾಟದ ಅಂಗಡಿ ಯಾಕೆ ಎಂಬುದು ಸರ್ಕಾರದ ವಾದ. ಕೇಂದ್ರಗಳ ಮಾಲೀಕರು ಹೈಕೋರ್ಟ್ ಮೊರೆ ಹೋದರು. ಜುಲೈನಲ್ಲಿ ಧಾರವಾಡ ಪೀಠ ತಡೆಯಾಜ್ಞೆ ನೀಡಿತು.

ರಾಜ್ಯದ ವಾದದಲ್ಲಿ ಹುರುಳಿದೆ. ರಿಯಾಯಿತಿಗಿಂತ ಉಚಿತ ಮೇಲು. ಆದರೆ ಆ ಮಾತು ನಿಲ್ಲುವುದು ಆಸ್ಪತ್ರೆಯ ಕಪಾಟಿನಲ್ಲಿ ಔಷಧ ಇದ್ದಾಗ ಮಾತ್ರ. ರಾಜ್ಯದ ಖರೀದಿ ನಡೆಯುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರ್ ಮೂಲಕ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ನಂತರ ಒಂದು ಕಂಪನಿಯ ಐವಿ ದ್ರಾವಣದ ಬಳಕೆಯನ್ನೇ ನಿಲ್ಲಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಅಥವಾ ಟೆಂಡರ್ ತಡವಾದಾಗ ರೋಗಿಯ ಕಡೆಯವರು ಚೀಟಿ ಹಿಡಿದು ಹೊರಗಿನ ಮೆಡಿಕಲ್ ಶಾಪ್‌ಗೆ ಓಡಬೇಕು.

ಹಾಗೆಂದು ಕೇಂದ್ರದ ಮಾದರಿಯೂ ಪರಿಪೂರ್ಣವಲ್ಲ. ಜನೌಷಧಿ ಯೋಜನೆ ಇರುವುದು ಆರೋಗ್ಯ ಸಚಿವಾಲಯದ ಕೈಯಲ್ಲಲ್ಲ, ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಔಷಧ ಇಲಾಖೆಯಲ್ಲಿ. ಜಾರಿ ಸಂಸ್ಥೆ ದೆಹಲಿಯಲ್ಲಿದೆ, ಕೇಂದ್ರೀಯ ಗೋದಾಮು ಗುರುಗ್ರಾಮದಲ್ಲಿ. ಅಂಗಡಿ ನಡೆಸುವವರಲ್ಲಿ ಹೆಚ್ಚಿನವರು ಖಾಸಗಿ ವ್ಯಕ್ತಿಗಳು. ಅವರಿಗೆ ಸಿಗುವುದು ಶೇ 20ರ ಲಾಭಾಂಶ ಮತ್ತು ತಿಂಗಳಿಗೆ ಗರಿಷ್ಠ 20,000 ರೂ. ಪ್ರೋತ್ಸಾಹಧನ. ಬೆಲೆ ಕಡಿಮೆ ಇರುವುದರಿಂದ ಮಾರಾಟ ಹೆಚ್ಚಿದ್ದರೆ ಮಾತ್ರ ಬಾಡಿಗೆ, ಸಂಬಳ ಗಿಟ್ಟುತ್ತದೆ. ಹಾಗಾಗಿ ಜನ ಕಡಿಮೆ ಇರುವ ಹೋಬಳಿಗೆ ಹೋಗಲು ಅವರಿಗೆ ಕಾರಣವಿಲ್ಲ. 2,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಕೇಂದ್ರ ತೆರೆಯಲು 2023ರಲ್ಲಿ ಅನುಮತಿ ನೀಡಿದ್ದು ಈ ಕೊರತೆ ತುಂಬುವ ಪ್ರಯತ್ನ.

ಬೆಲೆಗೆ ಸಂಬಂಧಿಸಿದ ಕಾನೂನು ಇದೆ. ಅಗತ್ಯ ವಸ್ತುಗಳ ಕಾಯ್ದೆಯಡಿ ಹೊರಡಿಸಿದ 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಶೇ 1ಕ್ಕಿಂತ ಕಡಿಮೆಯಿಲ್ಲದ ಮಾರುಕಟ್ಟೆ ಪಾಲು ಇರುವ ಬ್ರ್ಯಾಂಡ್‌ಗಳ ಸರಾಸರಿ ಬೆಲೆಗೆ ಚಿಲ್ಲರೆ ವ್ಯಾಪಾರಿಯ ಶೇ 16 ಲಾಭ ಸೇರಿಸಿ ಗರಿಷ್ಠ ಬೆಲೆ ನಿಗದಿಯಾಗುತ್ತದೆ. 2022ರ ಅಗತ್ಯ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ. ಆದರೆ ಇದು ಬೆಲೆ ಮಿತಿ ಮೀರದಂತೆ ತಡೆಯುತ್ತದೆಯೇ ಹೊರತು ಗ್ರಾಮೀಣ ಆಸ್ಪತ್ರೆಗೆ ಪ್ರತ್ಯೇಕ ರಿಯಾಯಿತಿ ಕೊಡಿಸುವುದಿಲ್ಲ.

ಅಮೆರಿಕ 1992ರಲ್ಲೇ ಬೇರೆ ದಾರಿ ಹಿಡಿಯಿತು. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಲ್ಲಿ ತಮ್ಮ ಔಷಧ ಇರಬೇಕೆಂದರೆ, ಬಡ ರೋಗಿಗಳನ್ನು ಹೆಚ್ಚಾಗಿ ನೋಡುವ ಆಸ್ಪತ್ರೆಗಳಿಗೆ ಕಂಪನಿಗಳು ರಿಯಾಯಿತಿ ಕೊಡಲೇಬೇಕು. 340ಬಿ ಎಂದು ಕರೆಯುವ ಈ ವ್ಯವಸ್ಥೆಗೆ 2010ರಲ್ಲಿ ಸಣ್ಣ ಗ್ರಾಮೀಣ ಆಸ್ಪತ್ರೆಗಳೂ ಸೇರಿದವು. ಅಲ್ಲೂ ದೋಷವಿದೆ. ಉಳಿತಾಯವನ್ನು ರೋಗಿಗೆ ದಾಟಿಸಲೇಬೇಕು ಎಂಬ ಷರತ್ತು ಇಲ್ಲದ್ದರಿಂದ ವಿವಾದ ಮುಗಿದಿಲ್ಲ.

ಭಾರತಕ್ಕೆ ಎರಡೂ ಪಾಠ. ತಾಲೂಕು ಆಸ್ಪತ್ರೆಯಲ್ಲಿ ಇರಲೇಬೇಕಾದ ಔಷಧಗಳ ಪಟ್ಟಿಗೆ ಕಾನೂನಿನ ಮಾನ್ಯತೆ ಬೇಕು. ದಾಸ್ತಾನು ಮುಗಿದರೆ ಆವರಣದ ಜನೌಷಧಿ ಕೇಂದ್ರದಿಂದಲೇ ಆಸ್ಪತ್ರೆ ತನ್ನ ಖರ್ಚಿನಲ್ಲಿ ತರಿಸಿಕೊಡುವ ಹೊಣೆ ಇರಬೇಕು. ಆಗ ಕೇಂದ್ರ ಮತ್ತು ರಾಜ್ಯದ ಯೋಜನೆಗಳು ಒಂದಕ್ಕೊಂದು ಎದುರಾಳಿಯಾಗಬೇಕಿಲ್ಲ. ಅಲ್ಲಿಯವರೆಗೆ ಅಂಗಡಿ ಯಾರದ್ದು ಎಂಬ ಜಗಳ ಮುಂದುವರಿಯುತ್ತದೆ, ಬಿಲ್ ಮಾತ್ರ ರೋಗಿಯ ಕೈಗೆ ಬರುತ್ತದೆ.