ತಂತಿಯಲ್ಲಿ ಜಾಗವಿಲ್ಲದ ವಿದ್ಯುತ್ತಿಗೆ ಬಾಡಿಗೆ ಏಕೆ?



ವಿದ್ಯುತ್ತಿನ ಮಟ್ಟಿಗೆ ನಮ್ಮ ಜಿಲ್ಲೆ ಬಡವರ ಮನೆಯಲ್ಲ. ಗೇರುಸೊಪ್ಪೆಯ 240 ಮೆಗಾವಾಟ್ ವಿದ್ಯುದಾಗಾರ ಹೊನ್ನಾವರ ತಾಲೂಕಿನಲ್ಲೇ ಇದೆ. ಅದರ ಮೇಲ್ಭಾಗದಲ್ಲಿ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ, ಉತ್ತರಕ್ಕೆ 880 ಮೆಗಾವಾಟಿನ ಕೈಗಾ. ಇಷ್ಟಿದ್ದೂ ಮಾರ್ಚ್ ತಿಂಗಳು ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ತೋಟಿಗರು ವೋಲ್ಟೇಜು ಯಾವಾಗ ಬಂದೀತೆಂದು ಸ್ಟಾರ್ಟರ್ ಬುಡದಲ್ಲಿ ಕಾಯಬೇಕಾಗುತ್ತದೆ. ಕೇಳಿದರೆ ಬರುವ ಉತ್ತರ ಒಂದೇ: ಉತ್ಪಾದನೆ ಸಾಲದು. ಇದು ಅರ್ಧ ಸತ್ಯವೆಂದು ನಮ್ಮ ಅಭಿಪ್ರಾಯ. ಎಷ್ಟೋ ವೇಳೆ ವಿದ್ಯುತ್ತು ಇರುತ್ತದೆ, ಅದನ್ನು ತರುವ ತಂತಿಯಲ್ಲಿ ಜಾಗವಿರುವುದಿಲ್ಲ. ಊರಿನ ಒಂದು ಟಿ.ಸಿ.ಗೆ ಅದರ ಶಕ್ತಿಗೆ ಮೀರಿ ಪಂಪುಗಳು ಸೇರಿದರೆ ಆಗುವುದೇ ದೊಡ್ಡ ಪ್ರಸರಣ ತಂತಿಗೂ ಆಗುತ್ತದೆ. ವ್ಯತ್ಯಾಸವಿಷ್ಟೇ, ಅಲ್ಲಿ ಕೋಟಿಗಟ್ಟಲೆ ಹಣದ ಲೆಕ್ಕವೂ ಜತೆಗಿದೆ.

ಆ ಲೆಕ್ಕ ಹೀಗಿದೆ. ವಿದ್ಯುತ್ ಕಂಪನಿಗಳು ದೊಡ್ಡ ಉಷ್ಣ ಸ್ಥಾವರಗಳಿಂದ ವಿದ್ಯುತ್ತು ಕೊಳ್ಳುವಾಗ ಎರಡು ಬಗೆಯ ಹಣ ಕೊಡುತ್ತವೆ. ಒಂದು, ಕೊಂಡ ಯೂನಿಟ್ಟಿನ ಬೆಲೆ. ಇನ್ನೊಂದು, ಸ್ಥಾವರ ಸಿದ್ಧವಾಗಿ ನಿಂತದ್ದಕ್ಕೆ ಸಾಮರ್ಥ್ಯ ಶುಲ್ಕ. ಯೂನಿಟ್ಟು ಕೊಳ್ಳದಿದ್ದರೂ ಈ ಎರಡನೆಯದು ತಪ್ಪದು. ಅಡಿಕೆ ಇಡಲು ವಖಾರಿಯನ್ನು ವರ್ಷಕ್ಕೆ ಬಾಡಿಗೆ ಹಿಡಿದರೆ, ಚೀಲ ಇಟ್ಟರೂ ಇಡದಿದ್ದರೂ ಬಾಡಿಗೆ ಕೊಡಬೇಕಷ್ಟೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಸ್ಥಾವರ ಕಟ್ಟಿದವನು ಸಾಲದ ಕಂತು ಕಟ್ಟಬೇಕು, ನಮಗೂ ಬೇಕಾದಾಗ ವಿದ್ಯುತ್ತು ಸಿಗಬೇಕು. ಆದರೆ ವಖಾರಿ ಸಾಗರದಲ್ಲಿದ್ದು, ಗೇರುಸೊಪ್ಪೆ ಘಟ್ಟದ ರಸ್ತೆ ಕುಸಿದು ಲಾರಿ ಇಳಿಯದಿದ್ದರೆ, ಆ ಬಾಡಿಗೆ ಯಾರ ತಲೆಯ ಮೇಲೆ? ಪ್ರಶ್ನೆ ಇರುವುದು ಇಲ್ಲಿ.

ಇದು ಕೇವಲ ಊಹೆಯ ಮಾತಲ್ಲ. ನೆರೆಯ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ತಲಾ 600 ಮೆಗಾವಾಟಿನ ಎರಡು ಘಟಕಗಳ ಕಲ್ಲಿದ್ದಲು ಸ್ಥಾವರ ಎದ್ದಿತು. ಮೊದಲ ಘಟಕ 2010ರ ನವೆಂಬರಿನಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದಿತು. ಎರಡನೆಯದು ಬಂದದ್ದು 2012ರ ಆಗಸ್ಟಿನಲ್ಲಿ. ಪೂರ್ಣ ವಿದ್ಯುತ್ತನ್ನು ಘಟ್ಟ ಹತ್ತಿಸಿ ಹಾಸನಕ್ಕೆ ಒಯ್ಯಬೇಕಾಗಿದ್ದ 400 ಕೆ.ವಿ. ತಂತಿ ಸಕಾಲದಲ್ಲಿ ಮುಗಿಯದಿದ್ದುದು ಈ ವಿಳಂಬಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಒಂದು ಕಡೆ ಯಂತ್ರ, ಇನ್ನೊಂದು ಕಡೆ ವಿದ್ಯುತ್ತಿಗೆ ಕಾದ ಜನ, ನಡುವೆ ಅರ್ಧ ಮುಗಿದ ಗೋಪುರಗಳು. ಇಂತಹ ವೇಳೆ ನಷ್ಟ ಯಾರದೆಂಬುದನ್ನು ಕರಾರಿನ ಕಲಮುಗಳು ತೀರ್ಮಾನಿಸುತ್ತವೆ. ತಂತಿ ಎಳೆಯುವ ಹೊಣೆ ಕೊಳ್ಳುವವರ ಕಡೆಯದಾಗಿದ್ದರೆ ಹೊರೆಯೂ ಸಾಮಾನ್ಯವಾಗಿ ಅವರದೇ. ಕೊಳ್ಳುವವರ ಹೊರೆ ಎಂದರೆ ಕೊನೆಗೆ ಗ್ರಾಹಕರ ಹೊರೆ.

'10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ನಾವು ಬಿಲ್ಲು ಕಟ್ಟುವುದಿಲ್ಲವಲ್ಲ, ನಮಗೇಕೆ ಈ ಚಿಂತೆ' ಎಂದು ಕೆಲವು ಸದಸ್ಯರು ಕೇಳಬಹುದು. ಆ ಬಿಲ್ಲನ್ನು ಸರಕಾರ ಸಹಾಯಧನದ ರೂಪದಲ್ಲಿ ತುಂಬುತ್ತದೆ, ಸರಕಾರದ ಬೊಕ್ಕಸ ತುಂಬುವುದು ನಮ್ಮ ತೆರಿಗೆಯಿಂದ. ಮನೆಯ ಬಿಲ್ಲಿನಲ್ಲಿಯೂ ಇದರ ನೆರಳಿದೆ. ಗೃಹ ಬಳಕೆಯ ನಿಗದಿತ ಶುಲ್ಕ 2025ರ ಏಪ್ರಿಲಿನಿಂದ ಕಿಲೋವಾಟಿಗೆ 120 ರೂಪಾಯಿಯಿಂದ 145 ರೂಪಾಯಿಗೆ ಏರಿತು. ವಿದ್ಯುತ್ತು ಬಳಸಲಿ ಬಿಡಲಿ, ಸಿದ್ಧತೆಯ ಖರ್ಚು ನಮ್ಮ ಬಾಗಿಲಿಗೆ ಬರುವ ದಾರಿ ಇದು.

ಅಮೇರಿಕದ ಪಿ.ಜೆ.ಎಂ. ಎಂಬ ವಿದ್ಯುಜ್ಜಾಲದಲ್ಲಿ ಈ ಇಕ್ಕಟ್ಟನ್ನು ಬಹಿರಂಗವಾಗಿ ಬೆಲೆ ಕಟ್ಟಿ ತೋರಿಸುತ್ತಾರೆ. ಅಲ್ಲಿ ಸಾಮರ್ಥ್ಯಕ್ಕೆ ಹರಾಜು ನಡೆಯುತ್ತದೆ. 2025-26ನೇ ಸಾಲಿಗಾಗಿ 2024ರ ಜುಲೈಯಲ್ಲಿ ನಡೆದ ಹರಾಜಿನಲ್ಲಿ ಜಾಲದ ಬಹುಭಾಗಕ್ಕೆ ಮೆಗಾವಾಟೊಂದಕ್ಕೆ ದಿನಕ್ಕೆ 269.92 ಡಾಲರ್ ನಿಂತರೆ, ಹೊರಗಿನಿಂದ ತರುವ ತಂತಿ ಸಾಲದ ಬಾಲ್ಟಿಮೋರ್ ವಲಯದಲ್ಲಿ 466.35 ಡಾಲರ್ ಆಯಿತು. ದೂರದ ಸ್ಥಾವರ ಎಷ್ಟೇ ದೊಡ್ಡದಿರಲಿ, ತಂತಿಯ ಮಿತಿಗಿಂತ ಹೆಚ್ಚನ್ನು ಆ ವಲಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಯ ಗ್ರಾಹಕರಿಗೆ ಇದರಿಂದ ದುಬಾರಿಯಾಗಿದೆ, ನಿಜ. ಹರಾಜನ್ನೇ ಇಲ್ಲಿಗೆ ತನ್ನಿ ಎಂದು ನಾವು ಹೇಳುತ್ತಿಲ್ಲ. ಮುಟ್ಟುವ ವಿದ್ಯುತ್ತೇ ವಿದ್ಯುತ್ತು ಎಂಬ ತತ್ವವಷ್ಟೇ ನಮಗೆ ಬೇಕಾದುದು.

ಈ ತತ್ವ ಈಗಲೇ ಬೇಕು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಕಾಡು, ನೀರು, ಜನವಸತಿಗಳ ದೃಷ್ಟಿಯಿಂದ ಅದು ಬೇಕೇ ಬೇಡವೇ ಎಂಬುದು ಪ್ರತ್ಯೇಕವಾಗಿ ಚರ್ಚಿಸಬೇಕಾದ ಗಂಭೀರ ವಿಷಯ. ಇಲ್ಲಿ ಹಣದ ಮಾತು ಮಾತ್ರ. ಇಂತಹ ಸ್ಥಾವರ ನೀರೆತ್ತಲು ಬಳಸಿದಷ್ಟು ವಿದ್ಯುತ್ತನ್ನು ಮರಳಿ ಕೊಡುವುದಿಲ್ಲ. ಅದರ ಬೆಲೆ ಇರುವುದೇ ಬೇಕಾದ ಗಳಿಗೆಗೆ ಒದಗುವುದರಲ್ಲಿ. ಆ ಗಳಿಗೆಗೆ ತಂತಿ ತುಂಬಿದ್ದರೆ ಒದಗಿ ಫಲವೇನು?

ತಂತಿ ಬೇಕೆಂದರೆ ಅದು ಯಾರದೋ ತೋಟ, ಬೆಟ್ಟಗಳ ಮೇಲೆಯೇ ಹೋಗಬೇಕು. 400 ಕೆ.ವಿ. ತಂತಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ಅದರಡಿ ಅಡಿಕೆ ಮರ ಬೆಳೆಸುವಂತಿಲ್ಲ. ತೋಟಿಗರು ಅಡ್ಡಿಪಡಿಸುತ್ತಾರೆಂಬ ದೂರು ಸುಲಭ. ಮೂವತ್ತು ವರ್ಷ ಫಲ ಕೊಡುವ ಮರ ಕಳೆದುಕೊಳ್ಳುವವನಿಗೆ ಏನು ಸಿಗುತ್ತದೆಂದು ಮೊದಲು ಹೇಳಬೇಡವೇ? ಗೋಪುರದ ಜಾಗಕ್ಕೆ ಭೂಮಿಯ ಬೆಲೆಯ ಶೇಕಡಾ 200, ಗ್ರಾಮೀಣ ಪ್ರದೇಶದಲ್ಲಿ ತಂತಿಯ ಪಟ್ಟಿಗೆ ಶೇಕಡಾ 30 ಪರಿಹಾರವೆಂದು ಕೇಂದ್ರ ವಿದ್ಯುತ್ ಮಂತ್ರಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬೆಳೆದುನಿಂತ ತೋಟಕ್ಕೆ ಬರಿಯ ಭೂಮಿಯ ಬೆಲೆ ಹಿಡಿದರೆ ಸಾಲದು, ಮರದ ಫಲದ ಲೆಕ್ಕವೂ ಸೇರಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಹೊಸ ಕರಾರುಗಳಲ್ಲಿ ಸಾಮರ್ಥ್ಯ ಶುಲ್ಕವು ತಂತಿ ಸಾಗಿಸಬಲ್ಲಷ್ಟಕ್ಕೇ ಸೀಮಿತವಾಗಿರಲಿ, ತಂತಿ ತಡವಾದರೆ ತಡಮಾಡಿದವರೇ ಹೊರಲಿ. ಸ್ಥಾವರಕ್ಕೆ ಮಂಜೂರಾತಿ ಕೊಡುವ ದಿನವೇ ತಂತಿಯ ದಾರಿ ಮತ್ತು ಪರಿಹಾರವೂ ನಿಶ್ಚಯವಾಗಲಿ. ದೊಡ್ಡ ತಂತಿ ನಮ್ಮ ತಲೆಯ ಮೇಲೆ ಹಾದುಹೋಗುವುದಾದರೆ, ಅದೇ ಖರ್ಚಿನಲ್ಲಿ ನಮ್ಮ ಮೂರು ತಾಲೂಕುಗಳ ಉಪಕೇಂದ್ರಗಳೂ ಟಿ.ಸಿ.ಗಳೂ ಬಲಗೊಳ್ಳಲಿ.

ಹೆಸ್ಕಾಂ ದರ ಪರಿಷ್ಕರಣೆಯ ಅರ್ಜಿ ಸಲ್ಲಿಸಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗ್ರಾಹಕರ ಆಕ್ಷೇಪಣೆಗಳನ್ನು ಕರೆದು ಬಹಿರಂಗ ವಿಚಾರಣೆ ನಡೆಸುತ್ತದೆ. ಕೈಗಾರಿಕೆಯವರು ವಕೀಲರನ್ನೂ ಲೆಕ್ಕಿಗರನ್ನೂ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಒಬ್ಬೊಬ್ಬ ಸಣ್ಣ ತೋಟಿಗನಿಗೆ ಅದು ಸಾಧ್ಯವಿಲ್ಲ. ಸಹಕಾರ ಸಂಘಕ್ಕೆ ಸಾಧ್ಯ. ಮುಂದಿನ ವಿಚಾರಣೆಗೆ ಮುನ್ನ ಸಂಘ ಸಂಘಗಳು ಸೇರಿ ಒಂದೇ ಆಕ್ಷೇಪಣಾ ಪತ್ರ ಸಿದ್ಧಪಡಿಸಬೇಕು. ಅದಕ್ಕಾಗಿ ಈ ಬೇಸಿಗೆಯಲ್ಲಿ ಪ್ರತಿ ಸದಸ್ಯರೂ ತಮ್ಮ ಪಂಪು ನಿಂತ ದಿನ, ವೇಳೆ, ಸುಟ್ಟ ಮೋಟರಿನ ದುರಸ್ತಿ ರಶೀದಿ ಇವನ್ನು ಬರೆದಿಟ್ಟು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಆಯೋಗದ ಮುಂದೆ ಗೋಳಿಗಿಂತ ಲೆಕ್ಕಕ್ಕೆ ಹೆಚ್ಚು ತೂಕವಿದೆ.