‘ಕುಯ್ದು ಸಾರು ಮಾಡ್ಕಳಿ’ ಅನ್ನೋದು ಚಿಕಿತ್ಸೆ ಅಲ್ಲ

ನಮ್ಮ ಬೆಳಕವಾಡಿ ಕಡೆ ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಕೊಟ್ಟಿಗೆಯಲ್ಲಿ ಸೇರುತ್ತಾರೆ. ಅರ್ಧ ಗಂಟೆಯಲ್ಲಿ ಡಾಕ್ಟರಿಗೆ ಫೋನು ಹೋಗುತ್ತದೆ. ಬಂಡೂರು ಟಗರು ಕುಂಟಿದರೆ ಆಟೋದಲ್ಲಿ ಹಾಕಿಕೊಂಡು ಮಳವಳ್ಳಿಗೆ ಹೋಗುವವರೂ ಇದ್ದಾರೆ. ಅದೇ ಮನೆಯ ಹಿತ್ತಲಲ್ಲಿ ಯಾಟೆಯೊಂದು ಮೊಟ್ಟೆ ಇಕ್ಕಲಾಗದೆ ಎರಡು ದಿನದಿಂದ ತಿಣುಕುತ್ತಾ ನಿಂತಿದ್ದರೆ? ಮನೆಯ ಗಂಡಸರು, ಔಷಧಿ ಅಂಗಡಿಯವರು, ಆಸ್ಪತ್ರೆಯವರು ಎಲ್ಲರದೂ ಒಂದೇ ಮಾತು: “ಕುಯ್ದು ಸಾರು ಮಾಡ್ಕಳಿ.”

ಈ ಮಾತಿಗೆ ನಮ್ಮ ತಕರಾರಿದೆ.

ನಮಗೆ ಪರಿಚಯದ ಹೆಂಗಸೊಬ್ಬರು ಹೀಗೆ ಕಷ್ಟಪಡುತ್ತಿದ್ದ ಕೋಳಿಯನ್ನು ಮಂಕರಿಯಲ್ಲಿಟ್ಟುಕೊಂಡು ಒಂದು ಪಶು ಆಸ್ಪತ್ರೆಗೆ ಹೋದರು. ಅವರ ಮಗಳು ಮರಿಯಿಂದ ಸಾಕಿದ ಕೋಳಿ ಅದು, ಹೆಸರಿಟ್ಟು ಕರೆದರೆ ಓಡಿ ಬರುತ್ತಿತ್ತು. ಅಲ್ಲಿದ್ದವರು ಮಂಕರಿಯ ಬಟ್ಟೆ ಸರಿಸಿ ನೋಡಿ ನಕ್ಕರು. “ಕೋಳಿಗೆಲ್ಲ ಚೀಟಿ ಬರೆಯಲ್ಲ ಕಣಮ್ಮ, ಬಸ್ ಚಾರ್ಜು ದಂಡ ಮಾಡ್ಕಂಡ್ ಬಂದಿದ್ದೀಯಲ್ಲ” ಅಂದರು. ಡಾಕ್ಟರು ಒಳಗೇ ಇದ್ದರು. ಕೋಳಿಯನ್ನು ಯಾರೂ ಕೈಯಲ್ಲಿ ಹಿಡಿದೂ ನೋಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಅದು ಸತ್ತುಹೋಯಿತು. ಆ ಆಸ್ಪತ್ರೆಯ ಹೆಸರು ಬರೆದು ಯಾರನ್ನೋ ಒಬ್ಬರನ್ನು ಸಿಕ್ಕಿಸುವುದು ನಮಗೆ ಬೇಕಿಲ್ಲ. ಹೆಸರು ಬರೆದರೆ ಉಳಿದ ಆಸ್ಪತ್ರೆಯವರೆಲ್ಲ ‘ನಾವಲ್ಲಪ್ಪ’ ಎಂದು ನಿರಾಳವಾಗುತ್ತಾರೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಕೋಳಿಯ ಹೊಟ್ಟೆಯೊಳಗೆ ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಹೋಗುವುದು ಚಿಪ್ಪು ಕಟ್ಟುವುದಕ್ಕೇ. ಒಂದು ಚಿಪ್ಪಿಗೆ ಹೆಚ್ಚುಕಡಿಮೆ 2 ಗ್ರಾಂ ಕ್ಯಾಲ್ಸಿಯಂ ಬೇಕು. ತಿಂದಿದ್ದರಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಮೊಟ್ಟೆಯನ್ನು ಹೊರಕ್ಕೆ ತಳ್ಳುವ ಸ್ನಾಯುಗಳಿಗೂ ಬಲ ಬರುವುದು ಅದೇ ಕ್ಯಾಲ್ಸಿಯಂನಿಂದ. ಅದು ಮುಗಿದಾಗ ಚಿಪ್ಪು ಮೆತ್ತಗಾಗುತ್ತದೆ, ತಳ್ಳುವ ಶಕ್ತಿ ಕುಂದುತ್ತದೆ, ಮೊಟ್ಟೆ ಒಳಗೇ ಕಟ್ಟಿಕೊಳ್ಳುತ್ತದೆ. ಮೊದಲ ಸಲ ಮೊಟ್ಟೆಗೆ ಬಂದ ಯಾಟೆಗೆ, ವಯಸ್ಸಾದ ಕೋಳಿಗೆ, ಕೊಬ್ಬು ಬೆಳೆದ ಕೋಳಿಗೆ, ದೊಡ್ಡ ಮೊಟ್ಟೆ ಬಂದಾಗ ಇದು ಹೆಚ್ಚು. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಅಂದರೆ ಇದು ಹೆರಿಗೆ ಕಷ್ಟವಾದ ಹಸುವಿನ ಕಥೆಯೇ, ಮೈ ಮಾತ್ರ ಸಣ್ಣದು.

“ನಾವು ರಾಗಿ ಹಾಕ್ತೀವಲ್ಲ, ರಾಗೀಲಿ ಕ್ಯಾಲ್ಸಿಯಂ ಇಲ್ವಾ?” ಅನ್ನುತ್ತೀರಿ. ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ. ಲೆಕ್ಕ ಹಾಕಿ, ಒಂದು ಚಿಪ್ಪಿಗೆ ಬೇಕಾದ 2 ಗ್ರಾಂ ಬರಬೇಕಾದರೆ ಕೋಳಿ ಅರ್ಧ ಕೆಜಿಗೂ ಮೇಲೆ ರಾಗಿ ತಿನ್ನಬೇಕು. ಅದು ದಿನಕ್ಕೆ ತಿನ್ನುವುದೇ ನೂರು ಗ್ರಾಂ ಆಸುಪಾಸು. ಅಕ್ಕಿ ನುಚ್ಚಿನಲ್ಲಂತೂ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ಹಳೇ ನಾಟಿ ಕೋಳಿ ವರ್ಷಕ್ಕೆ ಅರವತ್ತೋ ಎಂಬತ್ತೋ ಮೊಟ್ಟೆ ಇಕ್ಕಿ, ಕಾವಿಗೆ ಕೂತು, ಮರಿ ತಿರುಗಿಸಿಕೊಂಡು ಮೈ ಸುಧಾರಿಸಿಕೊಳ್ಳುತ್ತಿತ್ತು. ತಿಪ್ಪೆ ಕೆದಕಿ ಹುಳ, ಬಸವನಹುಳುವಿನ ಚಿಪ್ಪು ತಿನ್ನುತ್ತಿತ್ತು. ಈಗ ಹಿತ್ತಲಿಗೆ ಬಂದಿರುವುದು ಗಿರಿರಾಜ, ಸ್ವರ್ಣಧಾರ, ವನರಾಜ. ನೂರಕ್ಕೂ ಮೇಲೆ ಮೊಟ್ಟೆ ಇಕ್ಕುವ ತಳಿಗಳು. ಹಾಕುವ ತಿಂಡಿ ಮಾತ್ರ ಅದೇ ನುಚ್ಚು, ಅದೇ ತಂಗಳು.

ಈ ತಳಿಗಳನ್ನು ನಮ್ಮ ಕೈಗೆ ಕೊಟ್ಟವರು ಯಾರು? ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು. ಗ್ರಾಮೀಣ ಮಹಿಳೆಯರಿಗೆ ಐದಾರು ವಾರದ ಮರಿ ಹಂಚುವ ಯೋಜನೆ ಸರ್ಕಾರದ್ದೇ. ಹಂಚುವ ದಿನ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಆ ಮರಿ ಬೆಳೆದು ಮೊಟ್ಟೆ ಕಟ್ಟಿಕೊಂಡು ಬಾಲ ಇಳಿಬಿಟ್ಟಾಗ ‘ಕೋಳಿಗೆಲ್ಲ ಚೀಟಿ ಇಲ್ಲ’. ಕೊಡುವಾಗ ಮಹಿಳಾ ಸಬಲೀಕರಣ, ಕಾಯಿಲೆ ಬಿದ್ದಾಗ ಸಾರು. ಇದು ಯಾವ ನ್ಯಾಯ?

2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳು ಸುಮಾರು 31.7 ಕೋಟಿ. ಹಿಂದಿನ ಗಣತಿಗಿಂತ ಶೇ 46ರಷ್ಟು ಹೆಚ್ಚು. ಎಣಿಸುವುದಕ್ಕೆ ಕೋಳಿ ಬೇಕು. ಅದೇ ವರ್ಷ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲಾ ರೋಗಕ್ಕೆ ಐದು ವರ್ಷಕ್ಕೆಂದು 13,343 ಕೋಟಿ ರೂಪಾಯಿ ಇಟ್ಟಿತು. ಒಳ್ಳೆಯದೇ, ಹಸುವಿಗೆ ಬೇಕಾದದ್ದೇ. ನಮ್ಮ ರಾಜ್ಯದಲ್ಲಿ ಹಸು, ಎಮ್ಮೆ, ಕುರಿ, ಮೇಕೆ ಆಕಸ್ಮಿಕವಾಗಿ ಸತ್ತರೆ ‘ಅನುಗ್ರಹ’ ಯೋಜನೆಯಲ್ಲಿ ಪರಿಹಾರವಿದೆ. ಕೋಳಿ ಆ ಪಟ್ಟಿಯಲ್ಲಿಲ್ಲ. ಹಾಗಾದರೆ ಸರ್ಕಾರ ಕೋಳಿ ಇರುವ ಮನೆ ಬಾಗಿಲಿಗೆ ಬರುವುದೇ ಇಲ್ಲವೇ? ಬರುತ್ತದೆ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಮನೆ ಮನೆಗೆ ಬಂದರು, ಸುತ್ತಲಿನ ಸಾಕಿದ ಹಕ್ಕಿಗಳನ್ನೆಲ್ಲ ಕೊಂದರು. ಹಕ್ಕಿಜ್ವರಕ್ಕೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಕೊಲ್ಲುವುದಕ್ಕೆ ಮನೆ ಹುಡುಕಿಕೊಂಡು ಬರಲು ಗೊತ್ತಿರುವವರಿಗೆ, ಮಂಕರಿಯಲ್ಲಿ ಹೊತ್ತು ತಂದ ಕೋಳಿಯನ್ನು ಮುಟ್ಟಿ ನೋಡಲು ಏನು ಕಷ್ಟ?

ಡಾಕ್ಟರುಗಳ ಪರವಾಗಿ ಒಂದು ಮಾತು ಹೇಳಬೇಕು. ಹುದ್ದೆಗಳು ಖಾಲಿ ಬಿದ್ದಿವೆ. ಒಬ್ಬರೇ ಎಷ್ಟೋ ಊರು ನೋಡಬೇಕು. ಒಂದು ಕಡೆ ಕರು ಅಡ್ಡ ಸಿಕ್ಕಿಕೊಂಡಿರುವಾಗ ಇನ್ನೊಂದು ಕಡೆ ಕೋಳಿಯ ಹಿಂದೆ ಓಡಿ ಅಂತ ನಾವೂ ಹೇಳುವುದಿಲ್ಲ. ಆದರೆ ಆ ಹೆಂಗಸು ಡಾಕ್ಟರನ್ನು ಮನೆಗೆ ಕರೆದಿರಲಿಲ್ಲ. ಕೋಳಿಯನ್ನೇ ಟೇಬಲ್ಲಿಗೆ ತಂದಿದ್ದರು. ಕೈಯಿಟ್ಟು ಮೊಟ್ಟೆ ಎಲ್ಲಿದೆ ಅಂತ ನೋಡಿ, ಕ್ಯಾಲ್ಸಿಯಂ ಕೊಡುವುದಕ್ಕೆ ಹತ್ತು ನಿಮಿಷ ಸಾಕು. ಪಶುವೈದ್ಯ ಓದಿದವರಿಗೆ ಕೋಳಿಯ ಪಾಠವೂ ಇರುತ್ತದೆ.

“ಮುನ್ನೂರು ನಾನೂರು ರೂಪಾಯಿ ಕೋಳಿಗೆ ಅಷ್ಟೆಲ್ಲ ಯಾಕೆ” ಎನ್ನುವವರು ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತಲೂ ನೋಡಲಿ. ಹಾಲಿನ ದುಡ್ಡು ಡೇರಿಯಿಂದ ಪಾಸ್‌ಬುಕ್ಕಿಗೆ ಹೋಗುತ್ತದೆ, ಪಾಸ್‌ಬುಕ್ಕು ಬಹಳ ಮನೆಗಳಲ್ಲಿ ಯಜಮಾನರ ಬೀರುವಿನಲ್ಲಿರುತ್ತದೆ. ಕಬ್ಬಿನ ದುಡ್ಡು ಬಂದಾಗ ಸಾಲಕ್ಕೆ. ಮೊಟ್ಟೆ ದುಡ್ಡೊಂದೇ ನಮ್ಮಮ್ಮಂದಿರ ಸೆರಗಿನ ಗಂಟಿಗೆ ನೇರ ಬರುವುದು. ನಮ್ಮಲ್ಲಿ ಕೆಲವರ ಪೆನ್ನು ಪುಸ್ತಕ, ಕಾಲೇಜಿನ ಬಸ್ ಪಾಸ್ ಬಂದದ್ದು ಆ ಗಂಟಿನಿಂದ. ಕೋಳಿಯ ಕಾಯಿಲೆ ನಗೆಪಾಟಲು ಆಗಿರುವುದಕ್ಕೆ ಅದು ಹೆಂಗಸರ ಆಸ್ತಿ ಅನ್ನುವುದೂ ಒಂದು ಕಾರಣ ಅಂತ ನಾವು ನಂಬಿದ್ದೇವೆ.

“ಹೆಂಗೂ ವರ್ಷತೊಡಕಿಗೆ ಕುಯ್ಯೋದೇ ತಾನೇ” ಅನ್ನುವ ವಾದವೂ ಇದೆ. ನಾವೂ ವರ್ಷತೊಡಕಿಗೆ ಬಾಡು ತಿನ್ನುವವರೇ. ಆದರೆ ನಾಳೆ ತಿನ್ನುತ್ತೇವೆ ಅಂತ ಇವತ್ತು ನರಳಿಸಬಹುದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ, ಕಾನೂನಿನಲ್ಲೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಂ ಪ್ರಕಾರ ಪ್ರಾಣಿ ಸಾಕಿದವರು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು. ಆ ಕಾಯ್ದೆಯಲ್ಲಿ ಪ್ರಾಣಿ ಅಂದರೆ ಕೋಳಿಯೂ ಸೇರುತ್ತದೆ. ಇನ್ನೂ ಒಂದು ವಿಷಯ. ಕಾಯಿಲೆ ಬಿದ್ದ ಕೋಳಿಯನ್ನು ಕುಯ್ದು ತಿನ್ನುವುದು ಬುದ್ಧಿವಂತಿಕೆಯೂ ಅಲ್ಲ. ಮೊಟ್ಟೆ ಒಳಗೇ ಒಡೆದು ಕೀವಾಗಿರಬಹುದು, ಮಂಕಾಗಿರುವುದಕ್ಕೆ ಬೇರೆ ರೋಗವೇ ಕಾರಣವಿರಬಹುದು. ಯಾವುದು ಅಂತ ಹೇಳಬೇಕಾದ ಡಾಕ್ಟರೇ ನೋಡದೆ ‘ತಿನ್ನಿ’ ಎಂದರೆ ಹೇಗೆ?

ಇಲಾಖೆ ಎಚ್ಚೆತ್ತುಕೊಳ್ಳುವ ತನಕ ಕೋಳಿ ಕಾಯುವುದಿಲ್ಲ. ಅದಕ್ಕೇ ಇದನ್ನು ತಿಳಿದುಕೊಂಡಿರಿ. ಕೋಳಿ ಬಾಲ ಇಳಿಬಿಟ್ಟು, ಕಾಲು ಅಗಲಿಸಿ ನಿಂತು, ಮತ್ತೆ ಮತ್ತೆ ಗೂಡಿಗೆ ಹೋಗಿ ಬರಿಗೈಲಿ ಬರುತ್ತಿದ್ದರೆ, ಹಿಂಭಾಗ ಗಟ್ಟಿಯಾಗಿದ್ದರೆ ಅನುಮಾನಪಡಿ. ಕಾವಿಗೆ ಕೂತ ಕೋಳಿ ಅಂತ ಬಿಡಬೇಡಿ. ಕಾವಿನ ಕೋಳಿ ಕೈ ಹಾಕಿದರೆ ಪುಕ್ಕ ಕೆದರಿ ಕುಕ್ಕುತ್ತದೆ, ಈ ಕೋಳಿಗೆ ಕುಕ್ಕುವ ತ್ರಾಣ ಇರುವುದಿಲ್ಲ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ಚೆನ್ನಾಗಿ ಒರೆಸಿ, ಮೊಟ್ಟೆ ಬರುವ ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಬೆಚ್ಚಗೆ ಕತ್ತಲಿರುವ ಕಡೆ ಮಂಕರಿ ಮುಚ್ಚಿ ಬಿಡಿ. ಹಸುವಿಗೆ ಕುಡಿಸುವ ಕ್ಯಾಲ್ಸಿಯಂ ಎಷ್ಟೋ ಮನೆಯಲ್ಲಿರುತ್ತದೆ, ಎಷ್ಟು ಹನಿ ಅಂತ ಡಾಕ್ಟರನ್ನು ಕೇಳಿಯೇ ಕೊಡಿ. ಕೊಕ್ಕು ಬಿಡಿಸಿ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ತಾಗಿಸಿ. ಹೊಟ್ಟೆ ಹಿಸುಕಬೇಡಿ, ಕಡ್ಡಿ ಹಾಕಬೇಡಿ, ಒಳಗೆ ಮೊಟ್ಟೆ ಒಡೆಯಬೇಡಿ. ಕೆಂಪು ಮಾಂಸ ಹೊರಬಂದಿದ್ದರೆ ಬೇರೆ ಕೋಳಿಗಳಿಂದ ತಕ್ಷಣ ದೂರ ಇಡಿ, ಅವು ಕುಕ್ಕಿ ಕೊಲ್ಲುತ್ತವೆ. ಇಷ್ಟಕ್ಕೂ ಮೊಟ್ಟೆ ಬರಲಿಲ್ಲವೆಂದರೆ ಅವತ್ತೇ ಆಸ್ಪತ್ರೆ. ಮನುಷ್ಯರ ಮಾತ್ರೆ ಅರೆದು ಕುಡಿಸುವ ಅಭ್ಯಾಸ ಬಿಡಿ. ಡಾಕ್ಟರು ಆಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿಕೊಂಡು ಬನ್ನಿ. ಮುಂದಕ್ಕೆ ಮೊಟ್ಟೆ ಚಿಪ್ಪನ್ನು ಬಾಣಲೆಯಲ್ಲಿ ಹುರಿದು, ಕುಟ್ಟಿ ಪುಡಿ ಮಾಡಿ ಒಂದು ಕರಟದಲ್ಲಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಎಲೆ ಅಡಿಕೆಯ ಸುಣ್ಣ ತಿನ್ನಿಸಬೇಡಿ, ಬಾಯಿ ಸುಡುತ್ತದೆ.

ಇನ್ನು ಕೇಳಬೇಕಾದ್ದು. ಪಶು ಆಸ್ಪತ್ರೆಗೆ ಕೋಳಿ ತಂದರೆ ಹಸುವಿಗೆ ಬರೆದಂತೆ ರಿಜಿಸ್ಟರಿನಲ್ಲಿ ಬರೆಯಲಿ. ಬರೆಯದಿದ್ದರೆ ಕಾಯಿಲೆ ಬಿದ್ದ ಕೋಳಿಯೇ ಇಲ್ಲ ಅಂತ ಲೆಕ್ಕ, ಲೆಕ್ಕವಿಲ್ಲದಿದ್ದರೆ ಔಷಧಿಯೂ ಬರುವುದಿಲ್ಲ. ಮರಿ ಹಂಚುವ ದಿನವೇ ತಿಂಡಿ ಏನು, ಚಿಪ್ಪಿನ ಪುಡಿ ಎಷ್ಟು ಅಂತ ಹೇಳಿಕೊಡಲಿ. ಕೊಕ್ಕರೆ ರೋಗದ ಲಸಿಕೆ ಒಂದು ಬಾಟಲಿಗೆ ನೂರು ಕೋಳಿ ಲೆಕ್ಕದಲ್ಲಿ ಬರುತ್ತದೆ, ನಾಲ್ಕು ಕೋಳಿ ಇರುವ ಮನೆಯವರು ಒಬ್ಬರೇ ತರಲಾಗುವುದಿಲ್ಲ. ಬೀದಿಗೊಂದು ದಿನ ಗೊತ್ತು ಮಾಡಿ ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ ಪಶು ಇಲಾಖೆಯವರು ಎದ್ದು ಮಾತಾಡುವಾಗ ಈ ಮೂರನ್ನೂ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಗಂಡಸರು ನಕ್ಕರೆ ನಗಲಿ. ಕೋಳಿ ಹಿಡಿದುಕೊಂಡು ಹೋದಾಗ ನೋಡದೆ ವಾಪಸ್ ಕಳಿಸಿದ್ದರೆ ಯಾವ ದಿನ, ಏನಂದರು ಅಂತ ನಮಗೆ ಬರೆದು ಕಳಿಸಿ. ನಿಮ್ಮ ಹೆಸರು ಹಾಕುವುದಿಲ್ಲ. ಹತ್ತು ಪತ್ರ ಕೂಡಿದರೆ ತಗೊಂಡು ಮಂಡ್ಯಕ್ಕೆ ನಾವೇ ಹೋಗುತ್ತೇವೆ.