ಜೀವವಿಜ್ಞಾನಕ್ಕೆ ಟ್ಯೂಷನ್ ಬೇಕು, ಉಕ್ತಲೇಖನ ಬೇಡ

ಜೀವವಿಜ್ಞಾನದ ಟ್ಯೂಷನ್ ಮುಗಿಸಿ ಬಂದ ಮಗನನ್ನೋ ಮಗಳನ್ನೋ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? "ಇವತ್ತು ಎಷ್ಟು ನೋಟ್ಸ್ ಕೊಟ್ಟರು?" ಎಂದಲ್ಲವೇ? ಹಾಗಿದ್ದರೆ ನೀವು ಹಣ ತೆತ್ತು ಉಕ್ತಲೇಖನ ಬರೆಸುತ್ತಿದ್ದೀರಿ. ಕಲಿಕೆ ಅಲ್ಲಿ ನಡೆಯುತ್ತಿಲ್ಲ.

ಹೃದಯಕ್ಕೆ ನಾಲ್ಕು ಕೋಣೆಗಳೆಂದು ಹತ್ತನೆಯ ತರಗತಿಯ ಹುಡುಗ ನಿದ್ದೆಯಲ್ಲೂ ಹೇಳುತ್ತಾನೆ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪವೇಕೆಂದು ಕೇಳಿ ನೋಡಿ, ಪುಟ ತಿರುವತೊಡಗುತ್ತಾನೆ. ಬಲಭಾಗವು ರಕ್ತವನ್ನು ಪಕ್ಕದ ಶ್ವಾಸಕೋಶಗಳಿಗೆ ತಳ್ಳಿದರೆ ಸಾಕು. ಎಡಭಾಗವಾದರೋ ನೆತ್ತಿಯಿಂದ ಅಂಗಾಲಿನವರೆಗೆ ತಳ್ಳಬೇಕು. ಭಾನುವಾರ ಮಾಂಸದಂಗಡಿಯಿಂದ ಕುರಿಯ ಹೃದಯವೊಂದನ್ನು ತಂದು, ಸಾರಿಗೆ ಹಾಕುವ ಮುನ್ನ ಅಡ್ಡಲಾಗಿ ಕೊಯ್ದು ಮಕ್ಕಳ ಕೈಗೆ ಕೊಡಿ. ಎರಡು ಗೋಡೆಗಳ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಇಷ್ಟು ಮಾಡುವ ಟ್ಯೂಷನ್ ನಮ್ಮಲ್ಲಿ ಎಷ್ಟಿದೆ?

ಅನುವಂಶೀಯತೆಯ ಪಾಠದ ಪಾಡು ಇನ್ನೂ ಶೋಚನೀಯ. ಬ್ರನೋ ನಗರದ ಅಗಸ್ಟೀನಿಯನ್ ಮಠದಲ್ಲಿ ಗ್ರೆಗರ್ ಮೆಂಡಲ್ ವರ್ಷಗಟ್ಟಲೆ ಬಟಾಣಿ ಬೆಳೆಸಿ, ಒಂದು ಪ್ರಯೋಗದ ಎರಡನೆಯ ಪೀಳಿಗೆಯಲ್ಲಿ 5474 ದುಂಡು ಬೀಜಗಳನ್ನೂ 1850 ಸುಕ್ಕು ಬೀಜಗಳನ್ನೂ ಎಣಿಸಿದರು, 1866ರಲ್ಲಿ ಪ್ರಕಟಿಸಿದರು. 'ಮೂರಕ್ಕೆ ಒಂದು' ಎಂಬುದು ಆ ಎಣಿಕೆಯ ಫಲ. ಮಕ್ಕಳಿಗೆ ದೊರೆಯುವುದು ಅನುಪಾತ ಮಾತ್ರ. ಎರಡು ನಾಣ್ಯಗಳನ್ನು ನೂರು ಬಾರಿ ಚಿಮ್ಮಿಸಿ, ಎರಡರಲ್ಲೂ ಹಿಂಬದಿ ಬಿದ್ದದ್ದೆಷ್ಟು ಬಾರಿ ಎಂದು ಎಣಿಸಿದರೆ ಇಪ್ಪತ್ತೈದರ ಆಸುಪಾಸಿಗೆ ಬರುತ್ತದೆ, ಬಹುಮಟ್ಟಿಗೆ ನಿಖರವಾಗಿ ಬರುವುದಿಲ್ಲ. ಏಕೆ ಬರಲಿಲ್ಲವೆಂದು ಮಗು ಕೇಳುವ ಗಳಿಗೆಯೇ ಪಾಠದ ಆರಂಭ.

"ಅದೆಲ್ಲ ಸರಿ, ಪರೀಕ್ಷೆಯಲ್ಲಿ ಅಂಕ ಬೇಡವೇ?" ಎನ್ನುವಿರಿ. ಖಂಡಿತ ಬೇಕು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಿ. ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ಬಳಿಕ ಮುಂದಿದ್ದವರು, ಪಾಠವನ್ನು ಬದಿಗಿಟ್ಟು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು. ನಮ್ಮ ಮಕ್ಕಳ ಪರೀಕ್ಷೆ ಐದು ನಿಮಿಷಕ್ಕೆ ಬರುವಂಥದ್ದೇ?

ನಮ್ಮ ಧರ್ಮಕೇಂದ್ರಗಳಲ್ಲಿ ನರ್ಸಿಂಗ್ ಓದುತ್ತಿರುವ ಯುವತಿಯರಿದ್ದಾರೆ, ಬಿ.ಎಸ್ಸಿ. ಮುಗಿಸಿದ ಯುವಕರಿದ್ದಾರೆ. ಶನಿವಾರ ಸಂಜೆ ಚರ್ಚಿನ ಸಭಾಂಗಣ ಖಾಲಿಯಿರುತ್ತದೆ. ಆರೇಳು ಮಕ್ಕಳನ್ನು ಕೂರಿಸಿ, ಖಾಲಿ ಹಾಳೆ ಕೊಟ್ಟು, ಪುಸ್ತಕ ಮುಚ್ಚಿಸಿ ಮೂತ್ರಜನಕಾಂಗದ ನೆಫ್ರಾನ್ ಬರೆಯಿಸಲಿ. ಭಾಗಗಳನ್ನು ಗುರುತಿಸಿ ಪಕ್ಕದವನಿಗೆ ವಿವರಿಸಲಿ, ತಪ್ಪಿದಲ್ಲಿ ಮಾತ್ರ ಪುಸ್ತಕ ತೆರೆಯಲಿ. ಸಭಾಂಗಣದ ಬೀಗದ ಕೈ ಕೇಳಲು ಗುರುಗಳ ಬಳಿಗೆ ಯಾರಾದರೂ ಒಬ್ಬರು ಹೋದರೆ ಮುಂದಿನ ಶನಿವಾರವೇ ಆರಂಭಿಸಬಹುದು.